ಅಪ್‌ಡೇಟ್: ಮಗಳ ಆನ್‌ಲೈನ್ ಶಾಲೆಯ ಮಾನ್ಯತೆಯನ್ನು ಪರಿಶೀಲಿಸಿದೆ

ಮಗಳನ್ನು ಹತ್ತನೆಯ ತರಗತಿಗೆ ಆನ್‌ಲೈನ್ ಶಾಲೆಯೊಂದಕ್ಕೆ ಸೇರಿಸಬಹುದೇ, ಅದರ ಮಾನ್ಯತೆಯನ್ನು ತಿಳಿಯುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

'ಸರ್ಕಾರಿ ಮಾನ್ಯತೆಯ ಪತ್ರ' ಎಂದು ಶಾಲೆಯವರು ಕಳುಹಿಸಿದ್ದನ್ನು ಮುದ್ರಿಸಿ, ಸಾಲುಸಾಲಾಗಿ ಓದಿದೆ. ಮೇಲೆ ರಾಷ್ಟ್ರಲಾಂಛನವೇನೋ ಇತ್ತು, ಆದರೆ ನೋಂದಣಿ ಸಂಖ್ಯೆ 'ಉದ್ಯಮ್' ಎಂಬ ಪದದಿಂದಲೇ ಆರಂಭವಾಗಿತ್ತು. ಅದು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಕೊಡುವ ನೋಂದಣಿ ಪತ್ರವೇ ಹೊರತು, ಪಾಠ ಹೇಳಲು ಅಥವಾ ಅಂಕಪಟ್ಟಿ ನೀಡಲು ಯಾವುದೇ ಶಿಕ್ಷಣ ಮಂಡಳಿ ಕೊಟ್ಟ ಅನುಮತಿಯಲ್ಲ. ಜೊತೆಗಿದ್ದ ಐಎಸ್‌ಒ ಪ್ರಮಾಣಪತ್ರಕ್ಕೂ ಶಾಲಾ ಮಾನ್ಯತೆಗೂ ಸಂಬಂಧವಿಲ್ಲ. ಸಿಬಿಎಸ್‌ಇಯ ಸಂಯೋಜಿತ ಶಾಲೆಗಳ ಪಟ್ಟಿಯಲ್ಲಿಯೂ ಅದರ ಹೆಸರು ಸಿಗಲಿಲ್ಲ.

ಅಂತಿಮ ಅಂಕಪಟ್ಟಿಯ ಮೇಲೆ ಯಾವ ಮಂಡಳಿಯ ಹೆಸರಿರುತ್ತದೆ ಎಂದು ಲಿಖಿತವಾಗಿ ಕೇಳಿದಾಗ, ಪರೀಕ್ಷೆಯನ್ನು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಬರೆಸುತ್ತೇವೆ ಎಂಬ ಉತ್ತರ ಬಂತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ ಆಗಿತ್ತು. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಆರಂಭವಾದ ಎನ್‌ಐಒಎಸ್ ತಾನೇ ಒಂದು ರಾಷ್ಟ್ರೀಯ ಮಂಡಳಿ. ಅದರ ಜಾಲತಾಣದಲ್ಲಿ ಪೋಷಕರೇ ನೇರವಾಗಿ ಮಗುವಿನ ಹೆಸರು ನೋಂದಾಯಿಸಬಹುದು, ಮತ್ತು ಒಮ್ಮೆ ಮಾಡಿದ ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಹಾಗಿರುವಾಗ ಈ ಶಾಲೆ, ನಿಜದಲ್ಲಿ, ದುಬಾರಿ ಟ್ಯೂಷನ್ ಮಾತ್ರ.

ಮುಂಗಡ ಕಟ್ಟದೆ ಹಿಂದೆ ಸರಿದಿದ್ದೇವೆ. ಮಗಳ ನೋಂದಣಿಯನ್ನು ನಾವೇ ಮಾಡಿಸುತ್ತಿದ್ದೇವೆ; ಗಣಿತಕ್ಕೆ ಮಾತ್ರ ಮನೆಯ ಹತ್ತಿರದ ಶಿಕ್ಷಕಿಯೊಬ್ಬರು ಒಪ್ಪಿದ್ದಾರೆ.