‘ಡೌಟ್’ ಅಂದರೆ ಕ್ಲೈಂಟಿಗೆ ಸಿಟ್ಟೇಕೆ ಬಂತು?

ಪ್ರಶ್ನೆ: ಮೇಡಂ, ಲಂಡನ್ನಿನ ಕ್ಲೈಂಟ್ ಕಳಿಸಿದ ರಿಪೋರ್ಟಿನಲ್ಲಿ ಒಂದು ಲೆಕ್ಕ ಅರ್ಥವಾಗಲಿಲ್ಲ. ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ರಿಪೋರ್ಟ್’ ಅಂತ ಮೇಲ್ ಹಾಕಿದೆ. ‘ತಪ್ಪು ಎಲ್ಲಿದೆ, ತೋರಿಸಿ’ ಅಂತ ಖಾರವಾಗಿ ಉತ್ತರ ಬಂತು. ಡೌಟ್, ಕ್ವೆಶ್ಚನ್ ಎರಡೂ ಒಂದೇ ಅಲ್ವಾ?

ಉತ್ತರ (ಇಂಗ್ಲಿಷ್ ಟೀಚರ್): ನಮ್ಮ ಕ್ಲಾಸಿನಲ್ಲಿ ಒಂದೇ. ‘ಮಿಸ್, ಒಂದ್ ಡೌಟು’ ಅಂತ ಕೈ ಎತ್ತಿಯೇ ನಾವೆಲ್ಲ ದೊಡ್ಡವರಾದದ್ದು. ಇಂಗ್ಲೆಂಡಿನವರ ಕಿವಿಗೆ ಡೌಟ್ ಅಂದರೆ ಅನುಮಾನ. ‘ನಿಮ್ಮ ಲೆಕ್ಕದ ಮೇಲೆ ಅನುಮಾನ’ ಅಂದರೆ ಯಾರಿಗೆ ಸಿಟ್ಟು ಬರಲ್ಲ? ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದಿದ್ದರೆ ಸಾಕಿತ್ತು. ಆದರೆ ಹುಷಾರು, ‘ಐ ಕ್ವೆಶ್ಚನ್ ಯುವರ್ ರಿಪೋರ್ಟ್’ ಅಂದರೆ ಮತ್ತೆ ಜಗಳವೇ.

ಇನ್ನೊಬ್ಬರು: ಆಸ್ಕ್, ಕ್ವೆಶ್ಚನ್, ಇಂಟರಾಗೇಟ್... ಕೇಳೋದಕ್ಕೆ ಇಷ್ಟೊಂದು ಪದ ಯಾಕೋ!

ಉತ್ತರ: 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ, ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ಕೋರ್ಟಿಗೆಲ್ಲ ಫ್ರೆಂಚ್ ಬಂತು. ಓದುಬರಹದವರ ಜೊತೆ ಲ್ಯಾಟಿನ್ ಮೊದಲೇ ಇತ್ತು. ಆಸ್ಕ್ ಅಲ್ಲಿನ ಹಳೇ ಮಾತು, ಕ್ವೆಶ್ಚನ್ ಫ್ರೆಂಚಿನಿಂದ ಬಂದದ್ದು, ಇಂಟರಾಗೇಟ್ ಲ್ಯಾಟಿನ್ನಿನದು. ಆ ಕೊನೆಯದನ್ನು ಪೊಲೀಸರಿಗೇ ಬಿಡಿ. ನಮ್ಮಲ್ಲೂ ನೀರು, ಜಲ ಇಲ್ವಾ? ಹೋಟೆಲಿನಲ್ಲಿ ‘ಒಂದು ಲೋಟ ಜಲ ಕೊಡಪ್ಪಾ’ ಅಂದರೆ ನಗುತ್ತಾರೆ. ಜಲಮಂಡಳಿಯನ್ನು ನೀರುಮಂಡಳಿ ಅಂದರೂ ಕಿವಿಗೆ ಒಗ್ಗುವುದಿಲ್ಲ.

ಮತ್ತೊಬ್ಬರು: ನನಗೆ ಸೀ, ಲುಕ್, ವಾಚ್ ಗೊಂದಲ. ಎಲ್ಲವೂ ‘ನೋಡು’ ತಾನೆ?

ಉತ್ತರ: ಸೀ ಅಂದರೆ ಹೆಚ್ಚಾಗಿ ನಮ್ಮ ‘ಕಾಣು’. ತಾನಾಗಿ ಕಣ್ಣಿಗೆ ಬಿದ್ದದ್ದು. ಲುಕ್ ಅಂದರೆ ಬೇಕಂತಲೇ ಕಣ್ಣು ಹಾಯಿಸುವುದು. ವಾಚ್ ಅಂದರೆ ಏನಾಗುತ್ತೋ ಅಂತ ನೋಡುತ್ತಲೇ ಇರುವುದು. ‘ಒಲೆ ಮೇಲೆ ಹಾಲಿದೆ, ನೋಡ್ತಿರು’ ಅಂತ ಅಮ್ಮ ಹೇಳಿ ಹೋಗುತ್ತಾರಲ್ಲ, ಅದು ವಾಚ್. ನಾವು ಸುಮ್ನೆ ಒಂದು ಸಲ ಲುಕ್ ಮಾಡಿ ಫೋನ್ ಹಿಡಿಯುತ್ತೇವೆ. ಆಮೇಲೆ ಸೀ ಮಾಡುವುದು ಉಕ್ಕಿ ಹರಿದ ಹಾಲನ್ನೇ. ಸಿನಿಮಾಕ್ಕೆ ಮಾತ್ರ ಸೀ, ವಾಚ್ ಎರಡೂ ನಡೆಯುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಕೇಳಿದವರು: ಮೇಡಂ, ಈಗ ಆ ಕ್ಲೈಂಟ್ ಹತ್ತಿರ ಎಕ್ಸ್‌ಪ್ಲನೇಶನ್ ಕೇಳಲಾ, ಕ್ಲಾರಿಫಿಕೇಶನ್ ಕೇಳಲಾ?

ಉತ್ತರ: ಅಯ್ಯೋ, ಎಕ್ಸ್‌ಪ್ಲನೇಶನ್ ಬೇಡ! ಆಫೀಸಿನ ಪತ್ರದಲ್ಲಿ ಅದು ಕಾರಣ ಕೇಳಿ ನೋಟಿಸ್ ಕೊಟ್ಟ ಹಾಗೆ ಕೇಳಿಸುತ್ತೆ. ಕ್ಲಾರಿಫಿಕೇಶನ್ ಅಂದರೆ ಸ್ವಲ್ಪ ಬಿಡಿಸಿ ಹೇಳಿ ಅಂತಷ್ಟೆ. ನನ್ನ ಕೇಳಿದರೆ ಅದೂ ಭಾರವೇ. ‘ಸಾರಿ, ಐ ಮೆಂಟ್ ಎ ಕ್ವೆಶ್ಚನ್. ಕುಡ್ ಯು ಟೆಲ್ ಮಿ ಹೌ ಯು ಗಾಟ್ ದಿಸ್ ಫಿಗರ್?’ ಅಂತ ಎರಡು ಸಾಲು ಬರೆಯಿರಿ. ಲೆಕ್ಕ ನಿಜಕ್ಕೂ ತಪ್ಪಿದ್ದರೆ ಆಮೇಲೆ ಬೇಕಾದಷ್ಟು ಡೌಟ್ ಪಡಿ.