ಬೇಟೆ ಬಂದೂಕು ವಿಮಾನದಲ್ಲಿ ಒಯ್ಯಬಹುದಾ ವಕೀಲ್ರೇ?

ಪ್ರಶ್ನೆ (ಸಿಂಧನೂರು): ವಕೀಲ್ರೇ, ನಮಸ್ಕಾರ. ಅಳಿಯ ಜೋಹಾನ್ಸ್‌ಬರ್ಗ್‌ನಲ್ಲಿದ್ದಾರೆ. ಅಲ್ಲಿ ಪರ್ಮಿಟ್ ಮೇಲೆ ಬೇಟೆಗೆ ಬಿಡ್ತಾರೆ, ಬನ್ನಿ ಮಾವ ಅಂತಿದ್ದಾರೆ. ಅಪ್ಪನ ಕಾಲದ ಡಬಲ್ ಬ್ಯಾರೆಲ್ ಬಂದೂಕಿದೆ, ಲೈಸೆನ್ಸ್ ನನ್ನ ಹೆಸರಲ್ಲೇ ಇದೆ. ಹೈದರಾಬಾದಿನಿಂದ ವಿಮಾನ. ಜೊತೆಗೆ ಒಯ್ಯಬಹುದಾ?

ಉತ್ತರ (ವಕೀಲರು, ಬಳ್ಳಾರಿ): ಒಯ್ಯಬಹುದು ಗೌಡ್ರೇ. ಆದರೆ ವಿಮಾನದ ಮಾತು ಆಮೇಲೆ. ಮೊದಲು ಲೈಸೆನ್ಸ್ ಪುಸ್ತಕ ತೆಗೆದು ಯಾವ ಏರಿಯಾಕ್ಕೆ ಕೊಟ್ಟಿದ್ದಾರೆ ನೋಡಿ. ರಾಯಚೂರು ಜಿಲ್ಲೆ ಅಂತಲೋ ಕರ್ನಾಟಕ ಅಂತಲೋ ಇದ್ದರೆ, ದೇವಸೂಗೂರು ಸೇತುವೆ ದಾಟಿ ತೆಲಂಗಾಣಕ್ಕೆ ಹೋದ ಕೂಡಲೇ ತಪ್ಪಾಗುತ್ತದೆ. ಆಲ್ ಇಂಡಿಯಾ ಮಾಡಿಸಲು ಡಿಸಿ ಆಫೀಸಿಗೆ ಅರ್ಜಿ ಹಾಕಬೇಕು.

ಲೈಸೆನ್ಸ್ ಇರುವವರು ಸ್ವಂತ ಬಳಕೆಗೆ ಬೇಕಾದಷ್ಟನ್ನು ದೇಶದ ಹೊರಗೆ ಒಯ್ಯಲು, ಮರಳಿ ತರಲು 1959ರ ಆಯುಧ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿ ರಿಯಾಯಿತಿ ಇದೆ. ಆದರೆ ಕಸ್ಟಮ್ಸ್‌ನವರಿಗೆ ಅನುಮಾನ ಬಂದರೆ ತಡೆದಿಟ್ಟುಕೊಳ್ಳಬಹುದು. ಅದಕ್ಕೇ ಹೊರಡುವಾಗಲೇ ಬ್ಯಾರೆಲ್ ಮೇಲಿನ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್, ಅಂದರೆ ಮರಳಿ ತರುವಾಗ ಇದೇ ಬಂದೂಕು ಎಂದು ತೋರಿಸುವ ಚೀಟಿ, ಬರೆಸಿಕೊಳ್ಳಿ. ಹಳೇ ಬಂದೂಕಲ್ವಾ, ನಂಬರ್ ಸವೆದು ಹೋಗಿರುತ್ತದೆ. ಲೈಸೆನ್ಸ್‌ನಲ್ಲಿ ಇರುವುದಕ್ಕೂ ಕಬ್ಬಿಣದ ಮೇಲೆ ಕಾಣುವುದಕ್ಕೂ ಒಂದು ಅಂಕಿ ಹೆಚ್ಚುಕಮ್ಮಿಯಾದರೂ ಅಲ್ಲೇ ಕೂರಬೇಕು.

ಏರ್‌ಲೈನ್‌ಗೆ ಮುಂಚೆಯೇ ಹೇಳಿ ಒಪ್ಪಿಗೆ ಪಡೆಯಬೇಕು. ಬಂದೂಕು ಖಾಲಿ ಇರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಚೆಕ್-ಇನ್ ಲಗೇಜಿಗೆ ಹೋಗಬೇಕು. ತೋಟಾ ಒಬ್ಬರಿಗೆ 5 ಕೆಜಿ ಮಾತ್ರ. 12 ಬೋರಿನದಾದರೆ ಹೆಚ್ಚುಕಮ್ಮಿ ನೂರು. ಮನೆಯವರ ಪಾಲು ಸೇರಿಸಿ 10 ಕೆಜಿ ಮಾಡುತ್ತೇನೆ ಅಂದರೆ ನಡೆಯಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಎಸ್‌ಎಪಿಎಸ್ 520 ಅನ್ನುವ ಫಾರಂ ತುಂಬಿ ಪೊಲೀಸರಿಂದ ತಾತ್ಕಾಲಿಕ ಪರ್ಮಿಟ್ ಪಡೆಯಬೇಕು. ಬೇಟೆಗೆ ಕರೆದವರ ಪತ್ರವೂ ಬೇಕು. ನಡುವೆ ದುಬೈಯಲ್ಲಿ ವಿಮಾನ ಬದಲಿಸಿದರೆ ಅಲ್ಲಿನ ಒಪ್ಪಿಗೆ ಬೇರೆ.

ನನ್ನನ್ನು ಕೇಳಿದರೆ, ಒಂದು ಸಲದ ಬೇಟೆಗೆ ಇಷ್ಟು ಓಡಾಟ ಬೇಡ. ಅಲ್ಲಿ ಬೇಟೆ ಮಾಡಿಸುವವರೇ ಬಾಡಿಗೆಗೆ ರೈಫಲ್ ಕೊಡುತ್ತಾರೆ. ದೊಡ್ಡ ಜಿಂಕೆ ಜಾತಿಗೆ ರೈಫಲ್ಲೇ ಬೇಕು, ಸಣ್ಣ ಗುಂಡುಗಳನ್ನು ಚೆದುರಿಸುವ ನಿಮ್ಮ ಛರ್ರಾ ಬಂದೂಕು ಸುಮ್ನೆ ಭಾರ.

ಸಿಂಧನೂರು: ಹಾಗಾದರೆ ಬಿಟ್ಟೇ ಹೋಗ್ತೀನಿ. ಮನೆಯಲ್ಲಿ ಯಾರೂ ಇರಲ್ಲ ಸರ್, ಬಂದೂಕು ಎಲ್ಲಿಡೋದು?

ವಕೀಲರು: ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡ್ತೀರಲ್ಲ, ಹಾಗೇ ಮಾಡಿ. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯವರೂ ಇಟ್ಟುಕೊಳ್ಳುತ್ತಾರೆ. ರಸೀದಿ ಮಾತ್ರ ಬಿಡಬೇಡಿ.

ಪ್ರಶ್ನೆ (ಗಂಗಾವತಿ): ಅಣ್ಣಾ, ಮಧ್ಯೆ ಬಾಯಿ ಹಾಕ್ತಿದೀನಿ. ಹೊಲಕ್ಕೆ ತೋಟಾ ಒಯ್ಯುವ ಬ್ಯಾಗನ್ನೇ ವಿಮಾನಕ್ಕೆ ಒಯ್ದು, ಒಂದು ಉಳಿದಿದ್ದರೆ?

ವಕೀಲರು: ಇಂಥ ಕೇಸೇ ಜಾಸ್ತಿ ತಮ್ಮಾ. ಎಕ್ಸ್‌ರೇಯಲ್ಲಿ ಹಿತ್ತಾಳೆ ತಳ ಕಾಣುತ್ತದೆ, ಆಯುಧ ಕಾಯ್ದೆಯ 25ನೇ ಸೆಕ್ಷನ್ ಬೀಳುತ್ತದೆ. ಗೊತ್ತಿದ್ದೇ ಇಟ್ಟುಕೊಂಡಿದ್ದರಾ ಎಂದು ಕೋರ್ಟ್ ನೋಡುತ್ತದೆ. ಗೊತ್ತಿಲ್ಲದೆ ಉಳಿದದ್ದು ಅಂತಾದರೆ ಎಷ್ಟೋ ಕೇಸ್ ರದ್ದಾಗಿವೆ. ಆದರೆ ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ವಕೀಲರ ಫೀಸೂ ಹೋಗಿರುತ್ತದೆ. ಪ್ರಯಾಣಕ್ಕೆ ಬೇರೆ ಬ್ಯಾಗ್ ಇಟ್ಟುಕೋ.