ಅಪ್‌ಡೇಟ್: ಆನ್‌ಲೈನ್ ತರಗತಿಯಿಂದ ಎದ್ದು ಹೋಗುವ ಮಗು

ಆಟಿಸಂ ಇರುವ ಮಗು ಆನ್‌ಲೈನ್ ತರಗತಿಯಲ್ಲಿ 5 ನಿಮಿಷವೂ ಕೂರುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಹೇಳಿದ ‘ಮೊದಲು–ಆಮೇಲೆ’ ಚಿತ್ರಪಟ್ಟಿ ಕೆಲಸ ಮಾಡಿದೆ: ಎಡಕ್ಕೆ ಪಾಠದ ಚಿತ್ರ, ಬಲಕ್ಕೆ ಮಗುವಿಗೆ ಇಷ್ಟವಾದ ಆಟದ್ದು. ಶುರುವಿಗೆ ಪಾಠ 3 ನಿಮಿಷ ಸಾಕು, ಮಗು ಎದ್ದೇಳುವ ಮೊದಲೇ ಬಿಡುವು ಕೊಡಬೇಕು. ಎದ್ದ ಮೇಲೆ ಕೊಟ್ಟರೆ ‘ಎದ್ದರೆ ಪಾಠ ತಪ್ಪಿಸಿಕೊಳ್ಳಬಹುದು’ ಎಂದೇ ಅದು ಕಲಿಯುತ್ತದೆ. ಎಡವುವುದು ಸುಲಭವಾದ ಜಾಗ ಇದು. ಸತತ 3 ದಿನ ಸರಿಹೋದರೆ ಮಾತ್ರ 1 ನಿಮಿಷ ಹೆಚ್ಚಿಸಿ. ಪರದೆಯಲ್ಲಿ ತನ್ನದೇ ಮುಖ ಕಾಣದಂತೆ ಮಾಡಿದ್ದೂ ತುಂಬಾ ಸಹಾಯವಾಯಿತು.

ಪಾಠದ ಬರವಣಿಗೆ ಮಾಡಿಸುವಾಗ ಮಗುವಿನ ಕೈಹಿಡಿದು ಬರೆಸಬೇಡಿ. ಬರೆಯಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿ, 5 ಸೆಕೆಂಡ್ ಕಾಯಿರಿ. ಸಹಾಯ ಪಡೆದು ಬರೆದದ್ದಕ್ಕೆ ಬೇರೆ ಗುರುತು ಹಾಕಿಯೇ ಟೀಚರ್‌ಗೆ ಕಳಿಸಿ. ಇಲ್ಲದಿದ್ದರೆ ಮಗು ಇನ್ನೂ ತಾನಾಗಿ ಮಾಡಲು ಕಲಿಯದಿರುವ ಕಲಿಕೆಯ ಗುರಿಯೂ ಮುಗಿದಿದೆ ಎಂದು ದಾಖಲಾಗಿಬಿಡುತ್ತದೆ.